ಮೀನಿನ ಮೂತ್ರಪಿಂಡ ಮತ್ತು ಬೇರಿನ ಪುಡಿ

ಮೀನಿನ ಮೂತ್ರಪಿಂಡವನ್ನು ಗುರುತು ಹಿಡಿಯುವವರು ಕಡಿಮೆ. ಮೀನು ಸ್ವಚ್ಛ ಮಾಡುವವರು ಬೆನ್ನುಮೂಳೆಯ ಕೆಳಗೆ ಅಂಟಿಕೊಂಡಿರುವ ಕಪ್ಪುಗೆಂಪು ಪಟ್ಟಿಯನ್ನು ಹೆಪ್ಪುಗಟ್ಟಿದ ರಕ್ತವೆಂದುಕೊಂಡು ಹೆಬ್ಬೆರಳಿನಿಂದ ಕೆರೆದು ನಲ್ಲಿಯಡಿ ಬಿಟ್ಟುಬಿಡುತ್ತಾರೆ. ಅದನ್ನು ಹರಿಯದಂತೆ ಬಿಡಿಸಿ ತೆಗೆಯುವುದನ್ನು ಕಲಿಯಲು ನನಗೆ ಒಂದು ಇಡೀ ಮಳೆಗಾಲ ಹಿಡಿಯಿತು.

ನಾನು ಬೆಳೆದದ್ದು ಧಾರವಾಡದ ಸಸ್ಯಾಹಾರಿ ಮನೆಯಲ್ಲಿ. ಮದುವೆಯಾಗಿ ಪುಣೆಗೆ ಬಂದು, ಪಕ್ಕದ ಪಿಂಪರಿ ಚಿಂಚವಡದ ನಿಗಡಿಯಲ್ಲಿ ಸಂಸಾರ ಹೂಡಿ, ಮಗಳು ಶಾಲೆಗೆ ಹೋಗತೊಡಗಿದ ಮೇಲೆ ನಾನು ಊರೊಳಗಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪಿಎಚ್‌ಡಿಗೆ ಸೇರಿದೆ. ಅಷ್ಟರಲ್ಲಿ ಅತ್ತೆ ತೀರಿಕೊಂಡಿದ್ದರು. ಮಾವ ಬೆಳಗಾವಿ ಕಡೆಯವರು, ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್‌ನಲ್ಲಿ ಮೆಣಸಿನಕಾಯಿ ದಲಾಲಿ ಮಾಡಿಕೊಂಡು ಅರ್ಧ ಆಯುಷ್ಯ ಅಲ್ಲೇ ಕಳೆದವರು. ನಾನು ಮೀನು ಕೊಯ್ಯುವ ಓದಿಗೆ ಹೊರಟಿದ್ದೇನೆಂದು ತಿಳಿದಾಗ ಗಂಡ ಮುಖ ಸಿಂಡರಿಸಿದರು. ಮಾವ ಮಾತ್ರ ಹೇಳಿದ್ದು ಇಷ್ಟೇ: "ಮೀನ ಮುಟ್ಟಿದ ಕೈಲೆ ರೊಟ್ಟಿ ಬಡೀಬ್ಯಾಡ ತಂಗಿ. ಉಳದದ್ದೆಲ್ಲಾ ನಿನ್ನ ಮರ್ಜಿ."

ನನ್ನ ಮಾರ್ಗದರ್ಶಕರು ಬೆಂಗಳೂರು ಕಡೆಯವರು. ಪುಣೆಗೆ ಬಂದು ಎಷ್ಟೋ ವರ್ಷವಾದರೂ ಮಾತು ಬದಲಾಗಿರಲಿಲ್ಲ. ಮೊದಲ ಭೇಟಿಯಲ್ಲೇ ನನ್ನ ಮರಾಠಿಯೊಳಗಿನ ಧಾರವಾಡವನ್ನು ಹಿಡಿದು, "ಕನ್ನಡದವ್ರಾ?" ಎಂದು ನಕ್ಕರು. ಆಮೇಲೆ ಇಡೀ ವಿಭಾಗದಲ್ಲಿ ನಮಗಿಬ್ಬರಿಗೇ ತಿಳಿಯುವ ಭಾಷೆಯೊಂದು ಇತ್ತು. ಬೇರೆಯವರೆದುರು ಗುಟ್ಟಾಗಿ ಏನಾದರೂ ಹೇಳಬೇಕಾದರೆ ಅವರು ಕನ್ನಡಕ್ಕೆ ತಿರುಗುತ್ತಿದ್ದರು. ಆಗ ಅದು ನನಗೆ ಆಪ್ತವೆನಿಸುತ್ತಿತ್ತು.

ಅವರು ಕೊಟ್ಟ ವಿಷಯ ಹೀಗಿತ್ತು. ನಮ್ಮ ಪಿಂಪರಿ ಚಿಂಚವಡ ಕಡೆ ಲೋಹಕ್ಕೆ ಹೊಳಪಿನ ಲೇಪ ಹಾಕುವ ಕಾರ್ಖಾನೆಗಳು ಬಹಳ. ಆ ಕೆಲಸಕ್ಕೆ ಬಳಸುವ ಕ್ರೋಮಿಯಂ ತೊಳೆದ ನೀರು ಶುದ್ಧಿಯಾಗದೆ ನಾಲೆಗೆ ಬಿದ್ದರೆ, ನಾಲೆ ಹೊಳೆಗೆ ಸೇರಿ, ಹೊಳೆ ಇಂದಾಪುರದವರೆಗೂ ಅದನ್ನು ಹೊತ್ತೊಯ್ಯುತ್ತದೆ. ಅಲ್ಲಿ ಹೊಳೆಯ ನೀರನ್ನು ಮೋಟರಿನಿಂದ ಎತ್ತಿ ಕೃಷಿಹೊಂಡಕ್ಕೆ ತುಂಬಿ ಮೀನು ಸಾಕುವವರಿದ್ದಾರೆ. ವಿಷ ಮೊದಲು ಏಟು ಹಾಕುವ ಜಾಗಗಳಲ್ಲಿ ಮೀನಿನ ಮೂತ್ರಪಿಂಡವೂ ಒಂದು. ಪುನರ್ನವ ಎಂಬ ಗಿಡ, ನಮ್ಮ ಕಡೆ ಕೊಮ್ಮೆ ಎನ್ನುತ್ತೇವೆ, ಅದರ ಬೇರನ್ನು ಮೇವಿನಲ್ಲಿ ಬೆರೆಸಿ ಕೊಟ್ಟರೆ ಆ ಮೂತ್ರಪಿಂಡ ಉಳಿಯುತ್ತದೆಯೇ? ಅದನ್ನು ನೋಡಬೇಕಿತ್ತು.

ಬೇರು ತಂದುಕೊಟ್ಟವರು ಮಾವ. ಯಾರ್ಡ್‌ನಲ್ಲಿ ಗಿಡಮೂಲಿಕೆ ಮಾರುವ ತಮ್ಮ ಪರಿಚಯದವರಿಂದ ಒಂದು ಗೋಣಿಚೀಲದ ತುಂಬ ಒಣಬೇರು ತರಿಸಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ನಾನದನ್ನು ತೊಳೆದು, ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಕಷಾಯ ಕಾಸಿ, ಬತ್ತಿಸಿ ಮೇವಿಗೆ ಸೇರಿಸಿದೆ. ರೋಹು ಮರಿಗಳನ್ನು ನಾಲ್ಕು ಗುಂಪು ಮಾಡಿ ಗಾಜಿನ ತೊಟ್ಟಿಗಳಲ್ಲಿ ಬಿಟ್ಟೆ. ಮೊದಲ ಗುಂಪಿಗೆ ಶುದ್ಧ ನೀರು. ಎರಡನೆಯದಕ್ಕೆ ಕ್ರೋಮಿಯಂ ಬೆರೆಸಿದ ನೀರು. ಮೂರನೆಯದಕ್ಕೆ ಅದೇ ವಿಷದ ನೀರು, ಜೊತೆಗೆ ಬೇರು ಬೆರೆಸಿದ ಮೇವು. ನಾಲ್ಕನೆಯದನ್ನು ಸ್ವಲ್ಪ ಕಾಲ ವಿಷದ ನೀರಿನಲ್ಲಿಟ್ಟು ಆಮೇಲೆ ಶುದ್ಧ ನೀರಿಗೆ ಬಿಟ್ಟೆ. ಅದಕ್ಕೆ ಬೇರು ಗೀರು ಏನೂ ಇಲ್ಲ. ಈ ನಾಲ್ಕನೆಯ ಗುಂಪು ನಾನೇ ಸೇರಿಸಿದ್ದು. ಸರ್ ಬೇಡವೆನ್ನಲಿಲ್ಲ. ತೊಟ್ಟಿ ಖಾಲಿ ಇದೆಯಲ್ಲ, ಮಾಡು ಎಂದರು.

ಅದೇ ದಿನಗಳಲ್ಲಿ ಮಾವನ ಕಾಲು ಊದತೊಡಗಿತು. ರಕ್ತ ಪರೀಕ್ಷೆ ಮಾಡಿಸಿದರೆ ಮೂತ್ರಪಿಂಡ ಸೋಲುತ್ತಿದೆ ಎಂದು ಬಂತು. ವರ್ಷಗಟ್ಟಲೆ ಮೊಣಕಾಲು ನೋವಿಗೆಂದು ಔಷಧದ ಅಂಗಡಿಯವನು ಕೊಟ್ಟ ಗುಳಿಗೆಯನ್ನು ಚಹಾದ ಜೊತೆ ಬಿಸ್ಕೀಟು ತಿಂದಂತೆ ತಿಂದಿದ್ದರು. ವೈದ್ಯರು ಬೇರೆ ಮಾತು ಆಡುವ ಮೊದಲು ಆ ಗುಳಿಗೆಯ ಹಾಳೆಯನ್ನು ಕೇಳಿ ಪಡೆದು ಕಸದ ಬುಟ್ಟಿಗೆ ಹಾಕಿದರು. ಉಪ್ಪು ಕಡಿಮೆ, ಪಥ್ಯ, ಔಷಧ ಎಲ್ಲ ಆಮೇಲೆ, ಮೊದಲು ಇದು ನಿಲ್ಲಬೇಕು ಎಂದರು.

ಮನೆಗೆ ಬಂದ ಸಂಜೆ ಮಾವ ನನ್ನನ್ನು ಕರೆದು, ಸ್ವಲ್ಪ ಸಂಕೋಚದಿಂದಲೇ ಕೇಳಿದರು. "ಮೀನಿಗೆ ಕೊಡ್ತಿ. ನನಗೂ ಒಂದೀಟು ಆ ಬೇರಿನ ಕಷಾಯ ಕೊಡಲ್ಲಾ?"

ನಾನು ಕೊಡಲಿಲ್ಲ. ಮೀನಿನ ಮೇಲೆ ನೋಡಿದ್ದು ಮನುಷ್ಯನಿಗೆ ನಡೆಯುತ್ತದೆಂದು ಹೇಳಲು ಬರುವುದಿಲ್ಲ, ಸೋತ ಮೂತ್ರಪಿಂಡಕ್ಕೆ ಗಿಡಮೂಲಿಕೆಯೂ ಭಾರವಾಗಬಹುದು, ವೈದ್ಯರು ಹೇಳಿದ್ದನ್ನಷ್ಟೇ ಮಾಡೋಣ ಎಂದೆ. ಅವರು ಮುನಿಸಿಕೊಂಡು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಗುಳಿಗೆ ನಿಂತ ಮೇಲೆ ಮೊಣಕಾಲಿನ ನೋವು ಅವರನ್ನು ಹಿಂಡಿತು. ರಾತ್ರಿ ನರಳುತ್ತಿದ್ದರು. ಆದರೆ ಮೂತ್ರಪಿಂಡ ಸೋಲುವುದು ನಿಂತಿದೆ ಎಂದು ಮುಂದಿನ ಪರೀಕ್ಷೆಗಳಲ್ಲಿ ಬಂತು. ಪೂರ್ತಿ ಸುಧಾರಿಸಲಿಲ್ಲ. ಇನ್ನಷ್ಟು ಕೆಡಲಿಲ್ಲ.

ನನ್ನ ಮೀನುಗಳ ಫಲಿತಾಂಶವೂ ಬಂತು. ಅಂಗವನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಆರೋಗ್ಯದ ಮೂತ್ರಪಿಂಡ ಬಳೆ ಅಂಗಡಿಯಂತೆ ಕಾಣುತ್ತದೆ: ಗುಲಾಬಿ ಉಂಗುರಗಳು, ಉಂಗುರದ ಸುತ್ತ ನೇರಳೆ ಮಣಿಗಳು. ವಿಷದ ಗುಂಪಿನಲ್ಲಿ ಬಳೆಗಳೆಲ್ಲ ಒಡೆದಿದ್ದವು, ಮಣಿಗಳು ಚೆಲ್ಲಾಪಿಲ್ಲಿಯಾಗಿದ್ದವು. ಬೇರು ತಿಂದ ಗುಂಪು ಮೊದಮೊದಲು ನಿಜಕ್ಕೂ ಚೆನ್ನಾಗಿತ್ತು. ಒಡೆತ ಕಡಿಮೆ. ನಾನು ಕುಣಿದಾಡಿಬಿಟ್ಟಿದ್ದೆ. ಆದರೆ ನೀರಿನಲ್ಲಿ ವಿಷ ಹಾಗೇ ಇತ್ತಲ್ಲ. ವಾರಗಳು ಕಳೆದಂತೆ ಅವುಗಳ ಬಳೆಗಳೂ ಒಡೆದವು. ಕೊನೆಯ ಬಾರಿ ನೋಡಿದಾಗ ಎರಡನೆಯ ಗುಂಪಿಗೂ ಮೂರನೆಯದಕ್ಕೂ ಅಂಥ ಅಂತರವಿರಲಿಲ್ಲ. ಬೇರು ಸಾವನ್ನು ಮುಂದೂಡಿತ್ತು, ಅಷ್ಟೇ. ಶುದ್ಧ ನೀರಿಗೆ ಬಿಟ್ಟ ನಾಲ್ಕನೆಯ ಗುಂಪಾದರೋ, ಯಾವ ಮದ್ದೂ ಇಲ್ಲದೆ, ಬಹುಮಟ್ಟಿಗೆ ಮೊದಲಿನಂತಾಗಿತ್ತು.

ಇನ್ನೊಂದನ್ನೂ ಕಂಡೆ. ಬೇರು ತಿಂದ ಮೀನುಗಳು ಬದುಕಿದ್ದಷ್ಟು ಕಾಲ ಚುರುಕಾಗಿ ಓಡಾಡುತ್ತಿದ್ದವು, ಹೊರಗಿನಿಂದ ನೋಡಿದರೆ ರೋಗವೇ ಕಾಣುತ್ತಿರಲಿಲ್ಲ. ಅವುಗಳ ಮಾಂಸದಲ್ಲಿ ಮಾತ್ರ ಕ್ರೋಮಿಯಂ ಕೂಡುತ್ತಲೇ ಇತ್ತು.

ಸರ್ ಎಲ್ಲವನ್ನೂ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮಗುವಿಗೆ ತಿಳಿಹೇಳುವಂತೆ ಹೇಳಿದರು: "ನೋಡಮ್ಮ, ಪೇಪರ್‌ಗೆ ಒಂದೇ ಕಥೆ ಇರ್ಬೇಕು. ಗಿಡ ಕಾಪಾಡ್ತು, ಅಷ್ಟೇ. ನೀರು ಬದಲಾಯಿಸಿದ್ರೆ ಮೀನು ಸುಧಾರಿಸುತ್ತೆ ಅನ್ನೋದಕ್ಕೆ ಪಿಎಚ್‌ಡಿ ಯಾಕೆ ಬೇಕು?"

ಮೊದಲ ವಾರಗಳ ಫಲಿತಾಂಶವನ್ನಷ್ಟೇ ಇಟ್ಟುಕೊಳ್ಳೋಣ, ಆಮೇಲಿನದನ್ನೂ ನಾಲ್ಕನೆಯ ಗುಂಪನ್ನೂ ಬಿಡೋಣ ಎಂಬುದು ಅವರ ಅಭಿಪ್ರಾಯ. ಅದು ಅರ್ಧ ಸತ್ಯವಾಗುತ್ತದೆ, ಹಾಗೆ ಕಳಿಸುವುದಾದರೆ ನನ್ನ ಹೆಸರು ಬೇಡ ಎಂದೆ. ಅವರು ಬೇಸರಿಸಲಿಲ್ಲ. ಸರಿ, ಸದ್ಯಕ್ಕೆ ಪಕ್ಕಕ್ಕಿಡು, ಆಮೇಲೆ ನೋಡೋಣ ಎಂದರು. ಪಕ್ಕಕ್ಕಿಟ್ಟಿದ್ದಾರೆಂದೇ ನಾನು ತಿಳಿದಿದ್ದೆ.

ಕೆಲವು ತಿಂಗಳ ನಂತರ, ಇಂದಾಪುರದಲ್ಲಿ ಮೀನು ಸಾಕುವವರಿಗಾಗಿ ಒಂದು ಕಾರ್ಯಕ್ರಮವಿದೆ, ನೀನೂ ಬಾ, ನಿನ್ನ ಕೆಲಸ ಜನರಿಗೆ ಮುಟ್ಟುವುದನ್ನು ಕಣ್ಣಾರೆ ನೋಡು ಎಂದು ಕರೆದುಕೊಂಡು ಹೋದರು. ಕಾರ್ಯಕ್ರಮದ ಖರ್ಚು ವಹಿಸಿದ್ದು ನಮ್ಮ ಕಡೆಯದೇ ಒಂದು ಲೋಹಲೇಪದ ಕಾರ್ಖಾನೆ ಎಂಬುದು ಅಲ್ಲಿಗೆ ಹೋದ ಮೇಲೆ, ವೇದಿಕೆಯ ಹಿಂದಿನ ಬ್ಯಾನರ್ ಓದಿ ಗೊತ್ತಾಯಿತು. ಸಮಾಜಸೇವೆಯ ಅಂಗವಾಗಿ ಅವರು ಮೀನು ಸಾಕುವ ಕುಟುಂಬಗಳಿಗೆ ಮೇವಿಗೆ ಬೆರೆಸುವ ಪುನರ್ನವ ಬೇರಿನ ಪುಡಿಯ ಪೊಟ್ಟಣಗಳನ್ನು ಪುಕ್ಕಟೆ ಹಂಚುತ್ತಿದ್ದರು. ಈ ವರ್ಷ ಪುಕ್ಕಟೆ, ಮುಂದಿನ ವರ್ಷದಿಂದ ಅಂಗಡಿಯಲ್ಲಿ.

ಸಭಾಂಗಣ ತುಂಬಿತ್ತು. ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದರು, ಐವತ್ತು ದಾಟಿದವರು, ಕಚ್ಚೆ ಹಾಕಿ ಉಟ್ಟ ಹಸಿರು ನೌವಾರಿ ಸೀರೆ. ಹಳ್ಳಿಯ ಹೆಂಗಸರ ಉಳಿತಾಯ ಗುಂಪಿಗೆ ಮುಂದಾಳು. ಗುಂಪೆಲ್ಲ ಸೇರಿ ಒಂದು ಹೊಂಡದಲ್ಲಿ ರೋಹು ಮತ್ತು ಚಿಲಾಪಿ ಮೀನು ಸಾಕುತ್ತಿದ್ದರು. ಹಿಂದಿನ ವರ್ಷ ಹೊಳೆಯಲ್ಲಿ ನೊರೆ ಬಂದ ವಾರ ನೀರು ಎತ್ತಿದ್ದೇ ತಪ್ಪಾಯಿತು, ಬೆಳಗಾಗುವುದರಲ್ಲಿ ಹೊಂಡದ ಮೇಲೆಲ್ಲ ಮೀನಿನ ಬಿಳಿಹೊಟ್ಟೆಗಳು ಎಂದು ಮರಾಠಿಯಲ್ಲಿ ಹೇಳಿಕೊಂಡರು. ಈ ಪುಡಿ ಬಂದದ್ದು ದೇವರು ಬಂದಂತಾಯಿತು ಎಂದರು. ನಾನು ಅವರನ್ನು ಮರಾಠಿಯವರ ರೂಢಿಯಂತೆ ಮಾವಶಿ, ಎಂದರೆ ಚಿಕ್ಕಮ್ಮ, ಎಂದು ಕರೆದೆ. ಈಗಲೂ ಹಾಗೇ ಕರೆಯುತ್ತೇನೆ.

ಪೊಟ್ಟಣ ನನ್ನ ಕೈಗೂ ಬಂತು. ಹೊಳೆಯುವ ಹಸಿರು ಕಾಗದ, ಮೇಲೆ ಎಲೆಯ ಚಿತ್ರ, ನಗುವ ಮೀನು. ಹಿಂಬದಿಯಲ್ಲಿ ಎರಡು ಫೋಟೊ. ಎಡಗಡೆ, ಪುಡಿ ಕೊಡುವ ಮೊದಲು. ಬಲಗಡೆ, ಪುಡಿ ಕೊಟ್ಟ ನಂತರ. ಸೂಕ್ಷ್ಮದರ್ಶಕದಲ್ಲಿ ತೆಗೆದ ನನ್ನ ಫೋಟೊಗಳು.

ಎಡಗಡೆಯದನ್ನು ನೋಡಿದೆ, ಬಲಗಡೆಯದನ್ನು ನೋಡಿದೆ. ಬಲಗಡೆಯದು ಬೇರು ತಿಂದ ಮೀನಿನದಾಗಿರಲಿಲ್ಲ. ಆ ಸ್ಲೈಡು ನನಗೆ ಚೆನ್ನಾಗಿ ಗೊತ್ತು. ಕೊಯ್ದ ಪದರವನ್ನು ಬಿಸಿನೀರಿನಿಂದ ಗಾಜಿನ ಮೇಲೆ ಎತ್ತಿಕೊಳ್ಳುವಾಗ ಮೂಲೆಯಲ್ಲಿ ಒಂದು ಮಡಿಕೆ ಬಿದ್ದಿತ್ತು. ಬಣ್ಣ ಕಟ್ಟಿದಾಗ ಆ ಮಡಿಕೆ ಕಡುನೇರಳೆ ಗೆರೆಯಾಗಿ ಉಳಿದಿತ್ತು. ಅದು ನಾಲ್ಕನೆಯ ಗುಂಪಿನ ಮೀನು. ಶುದ್ಧ ನೀರಿನಲ್ಲಿ ಸುಧಾರಿಸಿದ ಮೀನು. ಒಂದು ಚಿಟಿಕೆ ಪುಡಿಯನ್ನೂ ಕಾಣದ ಮೀನು. ಅದನ್ನು ಪುಡಿಯ ಪವಾಡವೆಂದು ಅಚ್ಚುಹಾಕಿ, ನೀರು ಕೆಡಿಸುವವರ ಸಾಲಿಗೇ ಸೇರಿದ ಕಾರ್ಖಾನೆಯವರು, ನೀರು ಕೆಟ್ಟು ಮೀನು ಕಳೆದುಕೊಂಡವರ ಕೈಗೆ ಕೊಡುತ್ತಿದ್ದರು.

ವೇದಿಕೆಯ ಮೇಲೆ ಸರ್ ಮಾತನಾಡುತ್ತಿದ್ದರು. ನಮ್ಮ ಋಷಿಗಳಿಗೆ ಇದೆಲ್ಲ ಗೊತ್ತಿತ್ತು, ನಾವು ಬರೀ ಸಾಬೀತು ಮಾಡಿದ್ದೇವೆ ಎನ್ನುತ್ತಿದ್ದರು. ಆ ಮಾತು ಮುಗಿಯುವವರೆಗೂ ನಾನು ಕಾಯಲಿಲ್ಲ. ಎದ್ದು ನಿಂತು, ಈ ಫೋಟೊ ತಪ್ಪು ಎಂದೆ.

ಸರ್ ಮೈಕು ಬಿಟ್ಟು ವೇದಿಕೆಯ ಅಂಚಿಗೆ ಬಂದರು. ಮುಖದ ತುಂಬ ನಗು. ಆ ನಗುವನ್ನು ಸಭೆಗಾಗಿ ಹಾಗೇ ಇಟ್ಟುಕೊಂಡು, ನನಗೆ ಮಾತ್ರ ಕೇಳುವಂತೆ ಕನ್ನಡದಲ್ಲಿ ಹೇಳಿದರು: "ಕೂತ್ಕೊಳಮ್ಮ. ಇವರಿಗೆಲ್ಲ ಇದು ಅರ್ಥ ಆಗಲ್ಲ. ಪುಣೆಗೆ ಹೋಗಿ ಮಾತಾಡೋಣ."

ನಾನು ಮರಾಠಿಯಲ್ಲೇ ಮಾತು ಮುಂದುವರಿಸಿದೆ. ನನ್ನ ಮರಾಠಿ ಅಷ್ಟೇನೂ ಚಂದವಲ್ಲ, ಲಿಂಗ ತಪ್ಪುತ್ತದೆ, ಕೋಪ ಬಂದಾಗ ಇನ್ನೂ ತಪ್ಪುತ್ತದೆ. ಆದರೆ ಅಂದು ಒಂದು ಮಾತೂ ಯಾರಿಗೂ ತಿಳಿಯದೆ ಉಳಿಯಲಿಲ್ಲ. ಈ ಚಿತ್ರದ ಮೀನು ಪುಡಿ ತಿಂದಿಲ್ಲ, ಇದನ್ನು ಶುದ್ಧ ನೀರಿಗೆ ಬಿಟ್ಟಿದ್ದೆ, ಅದಕ್ಕೇ ಸುಧಾರಿಸಿದೆ ಎಂದೆ. ಪುಡಿ ತಿಂದ ಮೀನು ಕೆಲವು ವಾರ ಹೆಚ್ಚು ಬದುಕಿತು, ಆಮೇಲೆ ಅದರ ಮೂತ್ರಪಿಂಡವೂ ಹಾಳಾಯಿತು, ಅಷ್ಟರಲ್ಲಿ ಮಾಂಸದಲ್ಲಿ ವಿಷ ಸೇರಿತ್ತು ಎಂದೆ. ನಮ್ಮ ಮನೆಯ ಹಿರಿಯರಿಗೆ ಮೂತ್ರಪಿಂಡದ ಕಾಯಿಲೆ ಬಂದಾಗ ವೈದ್ಯರು ಮೊದಲು ಕೆಡಿಸುತ್ತಿದ್ದ ಗುಳಿಗೆಯನ್ನು ನಿಲ್ಲಿಸಿದರು, ನೀವು ಗುಳಿಗೆ ತಿನ್ನಿಸುತ್ತಲೇ ಮೇಲೆ ಕಷಾಯ ಕುಡಿಸುತ್ತೀರಿ ಎಂದು ಕಾರ್ಖಾನೆಯವರ ಕಡೆ ತಿರುಗಿ ಹೇಳಿದೆ. ನನ್ನ ದನಿ ಕೀರಲಾಗಿತ್ತು. ಇರಲಿ.

ಕಾರ್ಖಾನೆಯ ಅಧಿಕಾರಿ ಚಿಕ್ಕ ವಯಸ್ಸಿನವರು, ಇಸ್ತ್ರಿ ಅಂಗಿ, ಬಹಳ ನಯ. ಮ್ಯಾಡಮ್ ಇನ್ನೂ ವಿದ್ಯಾರ್ಥಿನಿ, ಸಂಶೋಧನೆಯಲ್ಲಿ ಭಿನ್ನಾಭಿಪ್ರಾಯ ಸಹಜ, ಗಿಡದಿಂದ ಯಾರಿಗೂ ಕೆಟ್ಟದ್ದಾಗುವುದಿಲ್ಲ ಎಂದರು. ಜನ ತಲೆಯಾಡಿಸತೊಡಗಿದರು. ಆಗ ಪಕ್ಕದ ಮಾವಶಿ ಎದ್ದು ನಿಂತರು. ಪೊಟ್ಟಣವನ್ನು ಎತ್ತಿ ಹಿಡಿದು ಅಧಿಕಾರಿಯನ್ನು ಕೇಳಿದರು: "ಈ ಪುಡಿ ತಿಂದ ಮೀನು ನಿಮ್ಮ ಮನಿಯೊಳಗ ತಿಂತೀರೇನು, ಅಷ್ಟ ಹೇಳ್ರಿ." ಅವರ ಮರಾಠಿಯನ್ನು ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಧಿಕಾರಿ, ಪರೀಕ್ಷೆಗಳು ನಡೆಯುತ್ತಿವೆ ಎಂದರು. ಮಾವಶಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಅಷ್ಟರಲ್ಲಿ ಊಟ ತಯಾರಾಗಿದೆಯೆಂದು ಯಾರೋ ಮೈಕಿನಲ್ಲಿ ಹೇಳಿ ಸಭೆ ಮುಗಿಸಿದರು.

ಹೊರಗೆ ಬಂದಾಗ ಮಾವಶಿ ನನ್ನನ್ನು ಮೆಚ್ಚಿಕೊಳ್ಳುತ್ತಾರೆಂದು ನಾನೇನಾದರೂ ಅಂದುಕೊಂಡಿದ್ದರೆ ಅದು ಅಲ್ಲಿಗೇ ಮುಗಿಯಿತು. ಅವರ ಸಿಟ್ಟು ನನ್ನ ಮೇಲೂ ತಿರುಗಿತ್ತು. "ಪುಡಿ ಬ್ಯಾಡ ಅಂದ್ರಿ, ಆತು. ನೀರ ಎಲ್ಲಿಂದ ತರ್ಲಿ? ನಿಮ್ಮ ಗಾಜಿನ ತೊಟ್ಟಿಯಂಗ ಒಂದರಾಗಿಂದ ಇನ್ನೊಂದರಾಗ ಹಾಕಾಕ ನನಗ ಎರಡು ಹೊಳಿ ಅದಾವೇನು?" ಇಲ್ಲವೆಂದು ಒಪ್ಪಿಕೊಂಡು, ನನ್ನ ಫೋನ್ ನಂಬರನ್ನು ಅವರಿಗೆ ಬರೆದುಕೊಟ್ಟೆ.

ವಾಪಸು ಬರುವಾಗ ನಾನು ಸರ್ ಜೊತೆ ಕಾರಿನಲ್ಲಿ ಕೂರಲಿಲ್ಲ. ಸರ್ಕಾರಿ ಎಸ್‌ಟಿ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು, ನಮ್ಮ ಬಸ್ಸು ಅವುಗಳ ಹಿಂದೆ ತೆವಳುತ್ತಿತ್ತು. ಆ ಫೋಟೊ ಹೇಗೆ ಅವರ ಕೈಸೇರಿತು ಎಂದು ಯೋಚಿಸಿದೆ. ಯೋಚಿಸುವಂಥದ್ದೇನೂ ಇರಲಿಲ್ಲ. ನನ್ನ ಫೋಟೊಗಳೆಲ್ಲ ಇದ್ದದ್ದು ವಿಭಾಗದ ಕಂಪ್ಯೂಟರಿನಲ್ಲಿ, ಪ್ರತಿಯೊಂದರ ಕೆಳಗೂ ಗುಂಪಿನ ಸಂಖ್ಯೆ ಬರೆದಿತ್ತು. ಕಣ್ತಪ್ಪಿನಿಂದ ಆದದ್ದಲ್ಲ. ಮೂರನೆಯ ಗುಂಪಿನ ಫೋಟೊ ಸಾಕಷ್ಟು ಚೆನ್ನಾಗಿಲ್ಲವೆಂದು ನಾಲ್ಕನೆಯದನ್ನು ಆರಿಸಿಕೊಂಡಿದ್ದರು. ಪಿಎಚ್‌ಡಿಗೆ ಬೇಡವಾದದ್ದು ಪೊಟ್ಟಣಕ್ಕೆ ಬೇಕಾಗಿತ್ತು.

ಮನೆಯಲ್ಲಿ ಮಾವನಿಗೆ ಎಲ್ಲ ಹೇಳಿದೆ. ಅವರು ಪೊಟ್ಟಣ ಬಿಚ್ಚಿ, ಪುಡಿಯನ್ನು ಅಂಗೈಗೆ ಹಾಕಿಕೊಂಡು ಮೂಸಿ ನೋಡಿದರು. ಬೇರು ಒಳ್ಳೆಯದೇ ಹಾಕಿದ್ದಾರೆ ಎಂದರು. ಪುಡಿಯನ್ನು ಮತ್ತೆ ಪೊಟ್ಟಣಕ್ಕೆ ಸುರಿದು, ಕೇಳಿದರು: "ಅದರಾಗ ಗಿಡದ ತಪ್ಪೇನೈತಿ ತಂಗಿ? ಹೊತ್ತುಕೊಂಡು ಬಂದವ ನಾನ ಅಲ್ಲೇನು." ಅವರ ಕಣ್ಣು ಕೆಂಪಾಗಿತ್ತು. ಅದನ್ನು ಕಂಡು ನನ್ನ ಸಿಟ್ಟು ಇಮ್ಮಡಿಯಾಯಿತು. ಸೊಸೆಯ ಓದಿಗೆಂದು ಬೇರಿನ ಚೀಲ ತೊಡೆಯ ಮೇಲಿಟ್ಟುಕೊಂಡು ತಂದ ಮನುಷ್ಯನಿಗೂ ಇದರಲ್ಲಿ ಪಾಲಿದೆ ಎನಿಸುವಂತೆ ಮಾಡಿದ್ದರಲ್ಲ.

ಕಾಲೇಜಿನಲ್ಲಿ ವಿಚಾರಣೆ ನಡೆಯಿತು. ಫೋಟೊ ಹೇಗೆ ಬದಲಾಯಿತು ಎಂದು ಯಾರೂ ಹೆಚ್ಚು ಕೇಳಲಿಲ್ಲ. ನಾನು ಸಾರ್ವಜನಿಕವಾಗಿ ಮಾತನಾಡಿದ್ದು ಸರಿಯೇ ಎಂಬುದೇ ಮುಖ್ಯವಾಯಿತು. ಛಾಪಿಸುವವರ ತಪ್ಪಿನಿಂದ ಚಿತ್ರ ಅದಲುಬದಲಾಗಿದೆ ಎಂದು ಸರ್ ಹೇಳಿದರು. ನಾನು ಸ್ಲೈಡನ್ನು ಸೂಕ್ಷ್ಮದರ್ಶಕಕ್ಕೆ ಹಾಕಿ ಮಡಿಕೆಯನ್ನು ತೋರಿಸಿದೆ. ಸಮಿತಿಯವರು ಒಬ್ಬೊಬ್ಬರಾಗಿ ಬಗ್ಗಿ ನೋಡಿ, ಹೌದು, ಅದೇ ಎಂದರು. ನೋಡಿದ ಮೇಲೆ, ವಿಷಯ ದೊಡ್ಡದು ಮಾಡುವುದು ಬೇಡ, ನೀವು ಒಂದು ಕ್ಷಮಾಪಣೆ ಬರೆದುಕೊಟ್ಟರೆ ಮುಗಿಯುತ್ತದೆ ಎಂದರು. ಏನಕ್ಕೆ ಕ್ಷಮೆ ಎಂದು ಕೇಳಿದೆ. ಹಿರಿಯರಿಗೆ ಮುಜುಗರ ಮಾಡಿದ್ದಕ್ಕೆ, ಎಂದು ಅವರಲ್ಲೊಬ್ಬರು, ನನ್ನ ತಂದೆಯ ವಯಸ್ಸಿನವರು, ನಿಜವಾಗಿಯೂ ನನ್ನ ಒಳ್ಳೆಯದಕ್ಕೇ ಹೇಳುವವರ ಹಾಗೆ ಹೇಳಿದರು. ನಾನು ಬರೆದುಕೊಡಲಿಲ್ಲ. ಸರ್ ನನಗೆ ಮಾರ್ಗದರ್ಶನ ಮಾಡುವುದನ್ನು ಬಿಟ್ಟರು. ನನ್ನ ಸ್ಲೈಡುಗಳ ಡಬ್ಬಿಗಳು, ತೊಟ್ಟಿಗಳು, ಬೇರಿನ ಉಳಿದ ಪುಡಿ ಎಲ್ಲವೂ ಕಾಲೇಜಿನ ಸ್ವತ್ತೆಂದು ಅಲ್ಲೇ ಉಳಿದವು.

ನನ್ನ ತಾಯಿ ಧಾರವಾಡದಿಂದ ಫೋನಿನಲ್ಲಿ, ಇಷ್ಟು ವರ್ಷದ ಕಷ್ಟ ನೀರಿಗೆ ಹಾಕಿದೆಯಲ್ಲ ಎಂದು ಅತ್ತಳು. ಗಂಡ ಬೈಯಲಿಲ್ಲ, ಆದರೆ ರಾಜಿಯಾಗುವ ದಾರಿಗಳನ್ನು ದಿನಕ್ಕೊಂದರಂತೆ ತರುತ್ತಿದ್ದರು. ನಾನು ತಟ್ಟೆಗಳನ್ನು ಸಿಂಕಿನಲ್ಲಿ ಸದ್ದಾಗುವಂತೆ ಇಡುತ್ತಿದ್ದೆ. ಮಗಳು ಒಂದು ದಿನ, ಅಮ್ಮ ಯಾವಾಗಲೂ ಯಾರ ಮೇಲೆ ಸಿಟ್ಟಾಗಿರುತ್ತಾಳೆ ಎಂದು ಅಜ್ಜನನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು.

ಆ ಬೇಸಿಗೆಯಲ್ಲಿ ಮಾವಶಿಯ ಫೋನು ಬಂತು. ಹಂಚಿದ ಪೊಟ್ಟಣಗಳನ್ನು ಗುಂಪಿನವರೆಲ್ಲ ಕೂಡಿಸಿದ್ದಾರಂತೆ, ಕಾರ್ಖಾನೆಗೇ ತಂದು ಕೊಡುತ್ತಾರಂತೆ, ದಾರಿ ತೋರಿಸಬೇಕಂತೆ. ಹೆಂಗಸರು ಬೆಳಗಿನ ಬಸ್ಸಿಗೆ ಬಂದರು. ಮಾವ, ಬೇಡವೆಂದರೂ ಕೇಳದೆ, ಯಾರ್ಡ್‌ನಿಂದ ಪರಿಚಯದವರ ಟೆಂಪೊ ತರಿಸಿ ಸ್ವಾರಗೇಟಿನ ಬಸ್ ನಿಲ್ದಾಣದಿಂದ ಅವರನ್ನೂ ಚೀಲಗಳನ್ನೂ ಹತ್ತಿಸಿಕೊಂಡು ಬಂದರು. ಕಾರ್ಖಾನೆಯ ಗೇಟಿನ ಮುಂದೆ ಚೀಲಗಳನ್ನು ಇಳಿಸಿದೆವು. ಕಾವಲಿನವರು ಗೇಟು ಹಾಕಿಕೊಂಡರು. ಬಿಸಿಲು ಏರಿತು. ಹೆಂಗಸರು ಬುತ್ತಿ ಬಿಚ್ಚಿ ಗೇಟಿನ ನೆರಳಿನಲ್ಲೇ ಕೂತು ಉಂಡರು.

ಮಧ್ಯಾಹ್ನ ಅದೇ ಇಸ್ತ್ರಿ ಅಂಗಿಯ ಅಧಿಕಾರಿ ಹೊರಗೆ ಬಂದರು. ಮೇಲಿನವರಿಗೆ ತಿಳಿಸುತ್ತೇನೆ ಎಂದರು. ಮಾವಶಿ ಚೀಲದ ಬಾಯಿ ಬಿಚ್ಚಿ ತೋರಿಸಿದರು. "ನಮಗ ಔಷಧ ಬ್ಯಾಡ. ನೀವು ನಿಮ್ಮ ನೀರಿಗೆ ಔಷಧ ಮಾಡ್ರಿ." ಅವರು ಅದಕ್ಕೂ ತಿಳಿಸುತ್ತೇನೆ ಎಂದರು. ಒಳಗೆ ಹೋಗುವಾಗ ನನ್ನನ್ನು ನೋಡಿ, ಮ್ಯಾಡಮ್, ನೀವು ಓದಿದವರು, ಇವರನ್ನು ಹೀಗೆ ಬಳಸಿಕೊಳ್ಳಬಾರದು ಎಂದರು. ಆ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಇವತ್ತಿಗೂ ಇದೆ. ಹೊಳೆಯನ್ನು ಬಳಸಿಕೊಂಡವರು, ಮೀನನ್ನು ಬಳಸಿಕೊಂಡವರು, ನನ್ನ ಸ್ಲೈಡನ್ನು ಬಳಸಿಕೊಂಡವರು ನನಗೆ ಹೇಳಿದ ಮಾತು ಅದು.

ಫಲ ಏನಾಯಿತೆಂದರೆ, ಪೊಟ್ಟಣದ ಹಿಂದಿನ ಫೋಟೊಗಳು ಹೋದವು. ಅಲ್ಲಿ ಈಗ ಕಮಲದ ಹೂವಿನ ಚಿತ್ರವಿದೆ. ಪುಡಿ ಅಂಗಡಿಗಳಲ್ಲಿ ಮಾರಾಟವಾಗುತ್ತಲೇ ಇದೆ, ಸೀಗಡಿಗೂ ಒಳ್ಳೆಯದೆಂದು ಬರೆದಿದ್ದಾರೆ. ಕಾರ್ಖಾನೆಯ ಹಿಂದಿನ ನಾಲೆ ಕೆಲವು ತಿಂಗಳು ತಿಳಿಯಾಗಿ ಹರಿಯಿತು. ನಾನು ಆಗಾಗ ಹೋಗಿ ಸೇತುವೆಯ ಮೇಲಿಂದ ಬಗ್ಗಿ ನೋಡುತ್ತಿದ್ದೆ. ನೀರಿನಲ್ಲಿ ಮತ್ತೆ ಕ್ರೋಮಿಯಂನ ಹಳದಿ ಕಂಡಾಗ ಅಲ್ಲಿಯೇ ನಿಂತು ಬಾಯಿಗೆ ಬಂದದ್ದೆಲ್ಲ ಬೈದೆ. ತರಕಾರಿ ಗಾಡಿಯವನೊಬ್ಬ ಗಾಡಿ ನಿಲ್ಲಿಸಿ ನನ್ನನ್ನು ನೋಡಿದ.

ನಾನು ಇನ್ನೊಂದು ಸಂಸ್ಥೆಯಲ್ಲಿ, ಇನ್ನೊಬ್ಬರ ಕೈಕೆಳಗೆ, ಮೊದಲಿನಿಂದ ಎಲ್ಲ ಪ್ರಯೋಗ ಮತ್ತೆ ಮಾಡಿದೆ. ಹೊಸ ಮಾರ್ಗದರ್ಶಕಿ ಮಿತಭಾಷಿ. ನಾಲ್ಕನೆಯ ಗುಂಪಿನ ವಿಷಯ ಹೇಳಿದಾಗ, ಐದನೆಯದೂ ಇರಲಿ, ಶುದ್ಧ ನೀರು ಮತ್ತು ಬೇರು ಎರಡೂ ಕೊಟ್ಟು ನೋಡು ಎಂದರು. ನೋಡಿದೆ. ಆ ಗುಂಪು ಎಲ್ಲಕ್ಕಿಂತ ಬೇಗ ಸುಧಾರಿಸಿತು. ಎಂದರೆ ಗಿಡ ಸುಳ್ಳಲ್ಲ. ಅದಕ್ಕೆ ಕೆಲಸ ಮಾಡಲು ಅವಕಾಶ ಬೇಕಷ್ಟೇ. ಪ್ರಬಂಧದಲ್ಲಿ ಇದನ್ನೂ ಬರೆದೆ, ಮಾಂಸದಲ್ಲಿ ಕೂಡಿದ ಕ್ರೋಮಿಯಂ ವಿಷಯವನ್ನೂ ಬರೆದೆ. ಪದವಿ ಬಂತು. ಹಳೆಯ ಸರ್ ಆ ವೇಳೆಗೆ ನಿವೃತ್ತರಾಗಿದ್ದರು, ಔಷಧೀಯ ಸಸ್ಯಗಳ ಸೇವೆಗಾಗಿ ಅವರಿಗೆ ಸನ್ಮಾನವಾಯಿತು. ಆಮಂತ್ರಣ ನನಗೂ ಬಂದಿತ್ತು. ಹರಿದು ಹಾಕಿದೆ.

ಹೋದ ತಿಂಗಳು ಇಂದಾಪುರಕ್ಕೆ ಹೋಗಿದ್ದೆ. ಮಾವಶಿಯ ಗುಂಪು ಈ ವರ್ಷ ಹೊಳೆಯ ನೀರು ಎತ್ತಿಲ್ಲ. ಕೊಳವೆಬಾವಿಯಲ್ಲಿ ಬಂದಷ್ಟು ನೀರಿಗೆ ಹೊಂಡದ ಒಂದು ಮೂಲೆಗೆ ಒಡ್ಡು ಕಟ್ಟಿ ಅದನ್ನಷ್ಟೇ ತುಂಬಿ, ಸ್ವಲ್ಪ ಮೀನು ಬಿಟ್ಟಿದ್ದಾರೆ. ಉಳಿದ ಕಡೆ ಹೊಂಡದ ತಳಕ್ಕೆ ಹಾಸಿದ ಕರಿ ಪ್ಲಾಸ್ಟಿಕ್ಕು ಬಿಸಿಲಿಗೆ ಸುಲಿದು ನಿಂತಿದೆ. ಗುಂಪಿನಲ್ಲಿ ಅರ್ಧಕ್ಕರ್ಧ ಹೆಂಗಸರು ಬಿಟ್ಟು ಕಬ್ಬು ಕಡಿಯುವ ಕೂಲಿಗೆ ಹೋಗಿದ್ದಾರೆ. ಅಲ್ಲಿಂದ ಎರಡು ಹೆಜ್ಜೆ ನಡೆದರೆ ಹೊಳೆ, ಈ ದಡದಿಂದ ಆ ದಡದವರೆಗೆ ತುಂಬಿ ಹರಿಯುತ್ತಿತ್ತು.

ಏರಿಯ ಮೇಲೆ ಕೂತು ನಾನು ಕಾರ್ಖಾನೆಯನ್ನೂ ಕಾಲೇಜನ್ನೂ ಸೇರಿಸಿ ಬೈಯುತ್ತಿದ್ದೆ. ಮಾವಶಿ ಮೀನಿಗೆ ಮೇವು ಹಾಕುತ್ತ ಕೇಳಿಸಿಕೊಂಡರು. ಆಮೇಲೆ, ನನ್ನ ಪಕ್ಕಕ್ಕೆ ಖಾಲಿ ಬಾಟಲಿಗಳ ಬುಟ್ಟಿಯೊಂದನ್ನು ತಂದಿಟ್ಟರು. ನಿನ್ನೆಯಿಂದ ಮತ್ತೆ ನೊರೆ ಬರುತ್ತಿದೆ, ಪರೀಕ್ಷೆಗೆ ಕಳಿಸಲು ನೀರು ತುಂಬಿಕೊಳ್ಳಬೇಕು, ಬೈಯುವುದನ್ನು ದಾರಿಯಲ್ಲಿ ಮುಂದುವರಿಸಿ ಎಂದರು. ನಾನು ಸೀರೆ ಎತ್ತಿ ಕಟ್ಟಿಕೊಂಡು, ಬಾಟಲಿ ಹಿಡಿದು ಹೊಳೆಗಿಳಿದೆ. ನೀರು ಕಣಕಾಲಿಗೆ ಬಂದ ಕೂಡಲೇ ಚರ್ಮ ಉರಿಯತೊಡಗಿತು.